ದಪ್ಪಕ್ಷರ ಬೀಳದ ಕ್ರಿಯಾಟಿನಿನ್

ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಮೊದಲು ಹುಡುಕುವುದು ದಪ್ಪಕ್ಷರವನ್ನು. ಯಾವುದಾದರೂ ಅಂಕಿ ಮಿತಿ ದಾಟಿದರೆ ಲ್ಯಾಬ್‌ನ ಕಂಪ್ಯೂಟರ್ ಅದನ್ನು ದಪ್ಪಗೆ ಅಚ್ಚು ಹಾಕುತ್ತದೆ. ಓದು ಬಾರದವರಿಗೂ ಅದು ಕಣ್ಣಿಗೆ ಬೀಳುತ್ತದೆ. ಕಿಟಕಿಯ ಮುಂದೆ ನಿಂತು ಹಾಳೆಯ ಮೇಲೆ ಬೆರಳಾಡಿಸುತ್ತಾರೆ. "ಇದೊಂದೇ ದಪ್ಪ ಅದ, ಉಳದದ್ದೆಲ್ಲ ಬರೊಬ್ಬರಿ ಅದಾವಲ್ರೀ?" ಅಂತ ಕೇಳುತ್ತಾರೆ.

ನಾನು ಕಲಬುರಗಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಆಳಂದ, ಜೇವರ್ಗಿ, ಚಿಂಚೋಳಿ, ಶಹಾಪುರ, ಹುಮನಾಬಾದ್, ಎಲ್ಲ ಕಡೆಯಿಂದ ಬಂದವರ ರಕ್ತ ನನ್ನ ಕೈ ಮೇಲೆ ಹಾದು ಹೋಗುತ್ತದೆ. ರೋಗ ಏನು ಅಂತ ಹೇಳುವುದು ನನ್ನ ಕೆಲಸ ಅಲ್ಲ, ಅದು ಡಾಕ್ಟರ ಕೆಲಸ. ಆದರೆ ರಕ್ತದ ಕ್ಯಾನ್ಸರ್‌ಗೆ ಅಡ್ಮಿಟ್ ಆದವರ ಕಡೆಯವರು ಬಂದು ಕಿಟಕಿಯಲ್ಲಿ ಹೀಗೆ ಕೇಳಿದಾಗ, ಕಿಡ್ನಿ ವಿಷಯದಲ್ಲಿ ಸುಮ್ನೆ "ಹೌದು, ಬರೊಬ್ಬರಿ ಇದೆ" ಅನ್ನಲು ನನಗೆ ಬಾಯಿ ಬರುವುದಿಲ್ಲ. ಯಾಕೆ ಅಂತ ಬರೆಯಬೇಕು ಅನ್ನಿಸಿ ಬಹಳ ದಿನ ಆಗಿತ್ತು.

ಆಳಂದ ಕಡೆಯ ಒಬ್ಬ ರೈತರ ವಿಷಯ ಹೇಳುತ್ತೇನೆ. ಲ್ಯುಕೇಮಿಯಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್ ಇತ್ತು. ಕೀಮೋ ಶುರು ಮಾಡುವ ಮುಂಚೆ ಅವರ ಕ್ರಿಯಾಟಿನಿನ್, ಅಂದರೆ ಕಿಡ್ನಿಯ ಕೆಲಸ ತೋರಿಸುವ ಅಂಕಿ, 0.5 (mg/dL ಲೆಕ್ಕದಲ್ಲಿ). ಮಿತಿಗಿಂತ ಕಡಿಮೆ ಅಂತ ಅದಕ್ಕೆ ದಪ್ಪಕ್ಷರ ಬಿದ್ದಿತ್ತು. ಕೀಮೋ ಆಗಿ, ಜ್ವರ ಬಂದು, ಆಂಟಿಬಯಾಟಿಕ್ ಶುರುವಾದ ಮೇಲೆ 0.7 ಆಯಿತು. ಆಮೇಲೆ 1.0 ಬಂತು. ಈಗ ದಪ್ಪಕ್ಷರ ಹೋಯಿತು. "ಅಪ್ಪಂದು ಕಿಡ್ನಿ ನಾರ್ಮಲ್ ಆಯ್ತು" ಅಂತ ಮಗ ಖುಷಿಯಿಂದ ಯಾರಿಗೋ ಫೋನ್ ಮಾಡುತ್ತಿದ್ದ. ನಾನು ವಾರ್ಡ್‌ಗೆ ಫೋನ್ ಮಾಡಿದೆ. ಅಲ್ಲಿನ ಡಾಕ್ಟರು ಆಗಲೇ ಮೂತ್ರದ ಲೆಕ್ಕ ನೋಡಿ ಯೋಚನೆಯಲ್ಲಿದ್ದರು. ಅಂಕಿ ಎರಡು ಪಟ್ಟಾಗಿದೆ ಅಂದಾಗ ಅವತ್ತೇ ಒಂದು ಔಷಧ ಬದಲಾಯಿಸಿದರು, ಇನ್ನೊಂದರ ಡೋಸ್ ಇಳಿಸಿದರು, ಸಲೈನ್ ಲೆಕ್ಕ ಮತ್ತೆ ಹಾಕಿದರು. ಆ ರೈತರ ಕಿಡ್ನಿ ಉಳಿಯಿತು, ಮುಂದಿನ ಕೀಮೋ ಕೂಡ ನಡೆಯಿತು.

ಕ್ರಿಯಾಟಿನಿನ್ ಅನ್ನುವುದು ನಮ್ಮ ಸ್ನಾಯುಗಳಿಂದ ಬರುವ ಕಸ. ದಿನಾಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಉಳಿದು ಅಂಕಿ ಏರುತ್ತದೆ. ಇಷ್ಟು ಬಹಳ ಜನಕ್ಕೆ ಗೊತ್ತು. ಇದರ ಇನ್ನೊಂದು ಅರ್ಧವನ್ನು ಯಾರೂ ಹೇಳುವುದಿಲ್ಲ. ಮೈಯಲ್ಲಿ ಸ್ನಾಯು ಕಡಿಮೆ ಇದ್ದರೆ ಹುಟ್ಟುವ ಕಸವೇ ಕಡಿಮೆ. ತಿಂಗಳುಗಟ್ಟಲೆ ಜ್ವರ, ಊಟ ಸೇರದೆ, ಕೈಕಾಲು ಸೊರಗಿ ಹೋದ ಮನುಷ್ಯನಿಗೆ 0.4, 0.5 ಅನ್ನುವುದೇ ಅವನ ಪಾಲಿನ ಸರಿಯಾದ ಅಂಕಿ. ಅಂಥವನಿಗೆ 1.0 ಬಂದರೆ ಅವನ ಕಿಡ್ನಿಯ ಕೆಲಸ ಅರ್ಧಕ್ಕೆ ಇಳಿದಿರಬಹುದು. ಹೊಲದಲ್ಲಿ ದುಡಿಯುವ ಗಟ್ಟಿ ಆಳಿಗೆ ಅದೇ 1.0 ಏನೂ ಅಲ್ಲ.

ವೈದ್ಯರು ಪಾಲಿಸುವ ಅಳತೆಯೂ ಹೀಗೇ ಇದೆ. ಜಗತ್ತಿನ ಕಿಡ್ನಿ ತಜ್ಞರೆಲ್ಲ ಬಳಸುವ 2012ರ ಕೆಡಿಗೋ (KDIGO) ಮಾರ್ಗಸೂಚಿ ಹೇಳುವುದು ಇಷ್ಟು. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿದರೆ, ಅಥವಾ 7 ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟು ಆದರೆ, ಅಥವಾ 6 ಗಂಟೆ ಕಾಲ ಮೂತ್ರವು ಒಂದು ಕೆಜಿ ತೂಕಕ್ಕೆ ಗಂಟೆಗೆ ಅರ್ಧ ಎಂಎಲ್‌ಗಿಂತ ಕಡಿಮೆ ಬಂದರೆ, ಅದು ಕಿಡ್ನಿಗೆ ಬಿದ್ದ ದಿಢೀರ್ ಪೆಟ್ಟು. ಇದರಲ್ಲಿ ನಾರ್ಮಲ್ ಮಿತಿಯ ಮಾತೇ ಇಲ್ಲ ನೋಡಿ. ಹೋಲಿಸುವುದು ಆ ಮನುಷ್ಯನ ನಿನ್ನೆ ಮೊನ್ನೆಯ ಅಂಕಿಯ ಜೊತೆಗೆ.

ಆದರೆ ನಿನ್ನೆಯ ಅಂಕಿ ಕೈಯಲ್ಲಿ ಇರಬೇಕಲ್ಲ? ನಮ್ಮ ಭಾಗದಲ್ಲಿ ಇದೇ ದೊಡ್ಡ ಗೋಳು. ಮೊದಲ ಪರೀಕ್ಷೆ ತಾಲೂಕಿನಲ್ಲಿ, ಬೋನ್ ಮ್ಯಾರೋ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ, ಕೀಮೋ ಬೆಂಗಳೂರಿನಲ್ಲಿ. ನಡುವೆ ಜ್ವರ ಬಂದರೆ ಕಲಬುರಗಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ನಮ್ಮ ಊರಿನಲ್ಲೂ ಇರುವುದು ಸಮಾಧಾನ, ಆದರೂ ರಕ್ತದ ಕ್ಯಾನ್ಸರ್ ಇರುವವರು ಒಂದೇ ಕಡೆ ನಿಲ್ಲುವುದು ಕಡಿಮೆ. ಹಳೆಯ ರಿಪೋರ್ಟ್‌ಗಳು ಸೀರೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ ಮುದ್ದೆಯಾಗಿ ಕೂತಿರುತ್ತವೆ. ಎಕ್ಸ್‌ರೇ, ಸ್ಕ್ಯಾನ್ ಫಿಲಂ ಜೋಪಾನವಾಗಿ ತರುತ್ತಾರೆ, ದೊಡ್ಡದು ಅಂತ. ಮೂರು ತಿಂಗಳ ಹಿಂದಿನ ಕ್ರಿಯಾಟಿನಿನ್ ಬರೆದ ಚಿಕ್ಕ ಚೀಟಿ ಎಲ್ಲೋ ಬಿದ್ದುಹೋಗಿರುತ್ತದೆ. ಆ ಚೀಟಿ ಇದ್ದಿದ್ದರೆ ಡಾಕ್ಟರ ಅರ್ಧ ಗೊಂದಲ ಕೂತಲ್ಲೇ ಬಗೆಹರಿಯುತ್ತಿತ್ತು. ಲ್ಯಾಬ್‌ಗಳಿಗೂ ನನ್ನದೊಂದು ಮಾತಿದೆ. ಇವತ್ತಿನ ಅಂಕಿಯ ಪಕ್ಕದಲ್ಲೇ ಹಿಂದಿನ ಎರಡು ಅಂಕಿ ಅಚ್ಚು ಹಾಕಿ. ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯ ಬಹಳ ಕಡೆ ಇದೆ, ಯಾರೂ ಆನ್ ಮಾಡುವುದಿಲ್ಲ ಅಷ್ಟೇ.

ಇಷ್ಟಕ್ಕೂ ಕ್ಯಾನ್ಸರ್ ಇರುವುದು ರಕ್ತದಲ್ಲಿ, ಕಿಡ್ನಿಗೆ ಯಾಕೆ ಬರಬೇಕು? ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ. ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಭಾಗ ಕಿಡ್ನಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದದ್ದನ್ನು ಮತ್ತೆ ಮೈಗೆ ಕೊಡುತ್ತದೆ. ರಕ್ತದಲ್ಲಿ ಏನೇ ಕೆಟ್ಟದ್ದು ಹುಟ್ಟಲಿ, ಏನೇ ಔಷಧ ಸುರಿಯಲಿ, ಅದರಲ್ಲಿ ಬಹಳಷ್ಟು ಕಿಡ್ನಿಯ ಸಣ್ಣ ನಳಿಗೆಗಳನ್ನು ದಾಟಿಯೇ ಹೋಗಬೇಕು. ಹಾಗಾಗಿ ರಕ್ತದ ಕ್ಯಾನ್ಸರ್ ವಾರ್ಡಿನಲ್ಲಿ ಕಿಡ್ನಿ ತೊಂದರೆ ಅಪರೂಪದ್ದಲ್ಲ, ದಿನನಿತ್ಯದ್ದು. ಒಂದೇ ಕಾರಣದಿಂದ ಬರುವುದೂ ಅಲ್ಲ. ರೋಗದಿಂದ ಬರಬಹುದು, ರೋಗ ಸಾಯುವುದರಿಂದ ಬರಬಹುದು, ಔಷಧದಿಂದ ಬರಬಹುದು, ಸೋಂಕಿನಿಂದ ಬರಬಹುದು. ಬಹಳ ಸಲ ಎರಡು ಮೂರು ಕೂಡಿ ಬರುತ್ತವೆ.

ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಕಂಡಾಗ. ಯಾಕೆಂದರೆ ಅದು ಟೊಂಕದ ನೋವಿನ ವೇಷದಲ್ಲಿ ಬರುತ್ತದೆ. ಐವತ್ತು ಅರವತ್ತು ದಾಟಿದವರಿಗೆ, ಅದೂ ತೊಗರಿ ಹೊಲದಲ್ಲಿ ಬಗ್ಗಿ ದುಡಿದವರಿಗೆ, ಟೊಂಕ ನೋವು ಅಂದರೆ ಯಾರಿಗೆ ಆಶ್ಚರ್ಯ? "ವಯಸ್ಸಾತು, ಬ್ಯಾನಿ ಇರೋದೇ" ಅಂತಾರೆ. ಮೆಡಿಕಲ್ ಅಂಗಡಿಗೆ ಹೋಗಿ ನೋವಿನ ಗುಳಿಗೆ ತರುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್. ಒಂದು ಶೀಟ್ ಮುಗಿದರೆ ಇನ್ನೊಂದು. ಕಡಿಮೆ ಆಗದಿದ್ದರೆ ಇಂಜೆಕ್ಷನ್.

ಮೈಲೋಮಾದಲ್ಲಿ ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳು ಕೆಟ್ಟು, ಯಾವುದಕ್ಕೂ ಬೇಡದ ಒಂದೇ ಬಗೆಯ ಪ್ರೋಟೀನನ್ನು ವಿಪರೀತ ತಯಾರಿಸುತ್ತವೆ. ಅದರ ತುಂಡುಗಳಿಗೆ ಲೈಟ್ ಚೈನ್ ಅಂತಾರೆ. ಸಣ್ಣ ತುಂಡುಗಳು, ಹಾಗಾಗಿ ಕಿಡ್ನಿಯ ಸೋಸುಬಲೆ ದಾಟಿ ನಳಿಗೆಯೊಳಗೆ ಇಳಿಯುತ್ತವೆ. ಅಲ್ಲಿ ಕಿಡ್ನಿಯದೇ ಇನ್ನೊಂದು ಪ್ರೋಟೀನ್ ಜೊತೆ ಅಂಟಿಕೊಂಡು ಗಟ್ಟಿಯಾಗಿ ನಳಿಗೆಯನ್ನು ಮುಚ್ಚಿಬಿಡುತ್ತವೆ. ಮೂಳೆ ಕರಗಿ ಕ್ಯಾಲ್ಸಿಯಂ ಏರಿದರೆ ಮೂತ್ರ ಜಾಸ್ತಿ ಹೋಗಿ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಮೇ ತಿಂಗಳ ಕಲಬುರಗಿ ಬಿಸಿಲು 42, 43 ಡಿಗ್ರಿ, ಅದು ಉಳಿದ ನೀರನ್ನೂ ಹೀರುತ್ತದೆ. ನೀರು ಕಡಿಮೆಯಾದಷ್ಟೂ ನಳಿಗೆಯಲ್ಲಿ ಕಟ್ಟಿಕೊಳ್ಳುವುದು ಜೋರು. ಇಂಥ ಹೊತ್ತಿನಲ್ಲಿ ಕಿಡ್ನಿ ತನ್ನೊಳಗೆ ಬರುವ ರಕ್ತನಾಳವನ್ನು ಹಿಗ್ಗಿಸಿಕೊಂಡು ಹೇಗೋ ಬದುಕುತ್ತಿರುತ್ತದೆ. ಹಾಗೆ ಹಿಗ್ಗಿಸುವ ರಾಸಾಯನಿಕವನ್ನೇ ನೋವಿನ ಗುಳಿಗೆ ತಡೆಯುತ್ತದೆ. ಅಂದರೆ ಮೈಲೋಮಾದ ನೋವಿಗೆ ನುಂಗಿದ ಗುಳಿಗೆಯೇ ಮೈಲೋಮಾದ ಪೆಟ್ಟನ್ನು ಕಿಡ್ನಿಯವರೆಗೆ ತಲುಪಿಸುತ್ತದೆ. ಮೈಲೋಮಾ ಅಂತ ಗೊತ್ತಾಗುವ ಹೊತ್ತಿಗೆ ನೂರರಲ್ಲಿ 20ರಿಂದ 50 ಜನರ ಕಿಡ್ನಿ ಆಗಲೇ ಒಂದಿಷ್ಟು ಸೋತಿರುತ್ತದೆ ಅಂತ ವೈದ್ಯಕೀಯ ಪುಸ್ತಕಗಳು ಹೇಳುತ್ತವೆ.

ಲ್ಯಾಬ್‌ನಲ್ಲಿ ಕೂತವರಿಗೆ ಇದರ ಸುಳಿವು ಮೊದಲೇ ಸಿಗಬಹುದು. ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಹಚ್ಚಿ (ಸ್ಮಿಯರ್) ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ಕಣಗಳು ಬಿಡಿಬಿಡಿಯಾಗಿ ಇರುವುದಿಲ್ಲ. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಸಾಲುಗಟ್ಟಿರುತ್ತವೆ. ಇಎಸ್‌ಆರ್, ಅಂದರೆ ಟ್ಯೂಬಿನಲ್ಲಿ ಕೆಂಪು ಕಣ ಕೆಳಗೆ ಕೂರುವ ವೇಗ, ಬಹಳ ಸಲ ನೂರು ದಾಟಿರುತ್ತದೆ. ಮೂತ್ರದ ಪರೀಕ್ಷೆ ಇನ್ನೂ ವಿಚಿತ್ರ. ಬಣ್ಣದ ಪಟ್ಟಿ ಅದ್ದಿದರೆ ಪ್ರೋಟೀನ್ ಇಲ್ಲ ಅಥವಾ ಸ್ವಲ್ಪವೇ ಇದೆ ಅಂತ ತೋರಿಸುತ್ತದೆ, ಯಾಕೆಂದರೆ ಪಟ್ಟಿ ಗುರುತಿಸುವುದು ಮುಖ್ಯವಾಗಿ ಆಲ್ಬುಮಿನ್ ಎಂಬ ಪ್ರೋಟೀನನ್ನು, ಲೈಟ್ ಚೈನನ್ನಲ್ಲ. ಅದೇ ಮೂತ್ರಕ್ಕೆ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಕೆಲವು ಹನಿ ಹಾಕಿದರೆ ಟ್ಯೂಬ್ ತುಂಬ ಬೆಳ್ಳಗೆ ಗಟ್ಟಿ ಆಗಿಬಿಡುತ್ತದೆ. ಪಟ್ಟಿ ಇಲ್ಲ ಅನ್ನುತ್ತದೆ, ಆಸಿಡ್ ಇದೆ ಅನ್ನುತ್ತದೆ. ಈ ಜಗಳ ಕಂಡ ಟೆಕ್ನಿಷಿಯನ್ ಸುಮ್ಮನೆ ಕೂರಬಾರದು.

ಈ ಪ್ರೋಟೀನನ್ನು ಮೊದಲು ಕಂಡದ್ದೂ ಮೂತ್ರದ ಟ್ಯೂಬಿನಲ್ಲೇ. 1845ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮ್ಯಾಕಿಂಟೈರ್ ಮೂಳೆ ನೋವಿನಿಂದ ನರಳುತ್ತಿದ್ದ ತನ್ನ ರೋಗಿಯ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನ ಬಲ್ಲ ವೈದ್ಯನಿಗೆ ಕಳಿಸಿದರು, ಇದು ಏನು ಅಂತ ಕೇಳಿ. ಬಿಸಿ ಮಾಡಿದರೆ ಕರಗುತ್ತಿತ್ತು, ಆರಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ನಮ್ಮ ಕಾಲೇಜಿನಲ್ಲಿ ನಾವೂ ಈ ಪರೀಕ್ಷೆ ಕಲಿತೆವು. ನೀರಿನ ಪಾತ್ರೆಯಲ್ಲಿ ಟ್ಯೂಬ್ ಇಟ್ಟು ಬಿಸಿ ಏರಿಸುತ್ತಾ ಹೋದರೆ 40ರಿಂದ 60 ಡಿಗ್ರಿ ನಡುವೆ ಮೂತ್ರ ಕದಡುತ್ತದೆ. ಕುದಿಯುವ ಹೊತ್ತಿಗೆ ತಿಳಿಯಾಗುತ್ತದೆ. ತಣ್ಣಗಾದರೆ ಮತ್ತೆ ಕದಡುತ್ತದೆ. ಈಗ ಅದರ ಜಾಗಕ್ಕೆ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೋರೆಸಿಸ್, ರಕ್ತದ ಫ್ರೀ ಲೈಟ್ ಚೈನ್ ಪರೀಕ್ಷೆ ಬಂದಿವೆ, ಅವೇ ಸರಿಯಾದವು. ಆದರೂ ಆ ಟ್ಯೂಬನ್ನು ಕಣ್ಣಾರೆ ನೋಡಿದವರು ಮೈಲೋಮಾವನ್ನು ಮರೆಯುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಐವತ್ತು ದಾಟಿದವರಿಗೆ ಟೊಂಕ ನೋವು ವಾರಗಟ್ಟಲೆ ಹೋಗಲೊಲ್ಲದು, ಜೊತೆಗೆ ರಕ್ತ ಕಡಿಮೆ ಇದೆ, ಸುಸ್ತು ಇದೆ ಅಂದರೆ, ಇನ್ನೊಂದು ಶೀಟ್ ಗುಳಿಗೆ ತರುವ ಮುಂಚೆ ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಇಎಸ್‌ಆರ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಇವು ತಾಲೂಕು ಮಟ್ಟದಲ್ಲೇ ಆಗುವ ಸಾಧಾರಣ ಪರೀಕ್ಷೆಗಳು. ಮೈಲೋಮಾ ಬೇಗ ಸಿಕ್ಕು, ಬೇಗ ಔಷಧ ಶುರುವಾಗಿ, ಲೈಟ್ ಚೈನ್ ಬೇಗ ಇಳಿದರೆ ಸೋತ ಕಿಡ್ನಿ ಚೇತರಿಸಿಕೊಳ್ಳುವುದುಂಟು. ಬಾರ್ಟೆಜೊಮಿಬ್ ಅನ್ನುವ ಇಂಜೆಕ್ಷನನ್ನು ಕಿಡ್ನಿ ಸೋತವರಿಗೂ ಕೊಡುತ್ತಾರೆ. ತಡವಾದಷ್ಟೂ ಆ ಅವಕಾಶ ಸಣ್ಣದಾಗುತ್ತದೆ.

ಇನ್ನು ಲ್ಯುಕೇಮಿಯಾ, ಮತ್ತು ಲಿಂಫ್ ಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ. ಇಲ್ಲಿ ಕಥೆ ತಿರುಗಿ ಹೋಗುತ್ತದೆ. ಕೀಮೋ ಚೆನ್ನಾಗಿ ಕೆಲಸ ಮಾಡಿದರೇ ಅಪಾಯ! ಬಿಳಿ ರಕ್ತಕಣ ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದು ಲಕ್ಷ ದಾಟಿರುವವರಲ್ಲಿ, ಅಥವಾ ವೇಗವಾಗಿ ಬೆಳೆಯುವ ಲಿಂಫೋಮಾದಲ್ಲಿ, ಮೊದಲ ಕೀಮೋಗೆ ಕ್ಯಾನ್ಸರ್ ಕೋಶಗಳು ಒಟ್ಟಿಗೇ ಒಡೆಯುತ್ತವೆ. ಒಳಗಿದ್ದದ್ದೆಲ್ಲ ರಕ್ತಕ್ಕೆ ಸುರಿಯುತ್ತದೆ. ಪೊಟ್ಯಾಸಿಯಂ ಏರುತ್ತದೆ, ಫಾಸ್ಫರಸ್ ಏರುತ್ತದೆ, ಯೂರಿಕ್ ಆಸಿಡ್ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಯೂರಿಕ್ ಆಸಿಡ್ ಹರಳುಗಟ್ಟಿ ಕಿಡ್ನಿಯ ನಳಿಗೆಗಳಲ್ಲಿ ಕೂರುತ್ತದೆ. ಟ್ಯೂಮರ್ ಲೈಸಿಸ್ ಸಿಂಡ್ರೋಮ್ ಅಂತ ಇದರ ಹೆಸರು. ಸಾಮಾನ್ಯವಾಗಿ ಕೀಮೋ ಶುರುವಾದ ಮೊದಲ ಮೂರು ದಿನದೊಳಗೆ ಕಾಣುತ್ತದೆ. ಕೆಲವರಿಗೆ ಕೀಮೋಗೆ ಮುಂಚೆಯೇ ಆಗುತ್ತದೆ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯವೇ ನಿಂತುಬಿಡಬಹುದು, ಅದಕ್ಕೇ ಡಾಕ್ಟರು ಅಷ್ಟು ಗಡಿಬಿಡಿ ಮಾಡುವುದು.

ಆ ದಿನಗಳಲ್ಲಿ ಆರು ಎಂಟು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಮನೆಯವರಿಗೆ ಸಿಟ್ಟು ಬರುತ್ತದೆ. "ಮೊದಲೇ ಮೈಯಾಗ ರಗತ ಇಲ್ಲ, ಇವರು ಮತ್ತ ಹೀರ್ತಾರ" ಅಂತ ಒಬ್ಬ ತಾಯಿ ನನ್ನೆದುರಿಗೇ ಅತ್ತದ್ದಿದೆ. ಆ ತಾಯಿಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಎರಡು ಮೂರು ಎಂಎಲ್ ರಕ್ತದಿಂದಲೇ ಪೊಟ್ಯಾಸಿಯಂ ಗೊತ್ತಾಗುವುದು. ಟ್ಯೂಮರ್ ಲೈಸಿಸ್ ತಡೆಯಲು ಕೀಮೋಗೆ ಮುಂಚಿನಿಂದಲೇ ಸಲೈನ್ ಜೋರಾಗಿ ಬಿಡುತ್ತಾರೆ, ಹೊಸ ಯೂರಿಕ್ ಆಸಿಡ್ ಹುಟ್ಟುವುದನ್ನು ತಡೆಯುವ ಅಲೋಪ್ಯುರಿನಾಲ್ ಗುಳಿಗೆ ಕೊಡುತ್ತಾರೆ. ಹೆಚ್ಚು ಅಪಾಯ ಇದ್ದರೆ ರಾಸ್ಬುರಿಕೇಸ್ ಅನ್ನುವ ದುಬಾರಿ ಇಂಜೆಕ್ಷನ್. ಅದು ಆಗಲೇ ಹುಟ್ಟಿದ ಯೂರಿಕ್ ಆಸಿಡ್ಡನ್ನೂ ಒಡೆದುಹಾಕುತ್ತದೆ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಿಗೆ ಅದನ್ನು ಕೊಡುವ ಹಾಗಿಲ್ಲ, ಕೆಂಪು ಕಣ ಒಡೆದುಹೋಗುತ್ತವೆ. ಅದಕ್ಕೆ ಮೊದಲೇ ಪರೀಕ್ಷೆ ಮಾಡಿಸುತ್ತಾರೆ.

ನಮ್ಮ ಕೆಲಸದಲ್ಲಿ ಇಲ್ಲಿ ಎರಡು ಸೂಕ್ಷ್ಮ ಇವೆ. ರಾಸ್ಬುರಿಕೇಸ್ ಪಡೆದವರ ರಕ್ತ ಟ್ಯೂಬಿಗೆ ಬಂದ ಮೇಲೂ ಆ ಔಷಧ ಸುಮ್ಮನಿರುವುದಿಲ್ಲ, ಟ್ಯೂಬಿನೊಳಗೇ ಯೂರಿಕ್ ಆಸಿಡ್ ಒಡೆಯುತ್ತಾ ಹೋಗುತ್ತದೆ. ಕಲಬುರಗಿ ಸೆಖೆಯಲ್ಲಿ ಅರ್ಧ ಗಂಟೆ ಟ್ರೇನಲ್ಲಿ ಇಟ್ಟರೆ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಆ ಟ್ಯೂಬ್ ಐಸ್‌ನಲ್ಲಿ ಬರಬೇಕು. ಎರಡನೆಯದು ಇದರ ಉಲ್ಟಾ. ಬಿಳಿ ಕಣ ಲಕ್ಷಗಟ್ಟಲೆ ಇರುವವರ ರಕ್ತವನ್ನು ಅಲುಗಾಡಿಸಿದರೆ, ತಡ ಮಾಡಿದರೆ, ಕಣಗಳು ಟ್ಯೂಬಿನಲ್ಲೇ ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಅದನ್ನು ಕೈಯಲ್ಲೇ ತಂದು ತಕ್ಷಣ ಪರೀಕ್ಷೆಗೆ ಹಾಕಬೇಕು. ವಾರ್ಡ್ ಬಾಯ್ ಓಡೋಡಿ ಬಂದು ಟ್ಯೂಬ್ ಕೊಟ್ಟರೆ ಲೈನಿನಲ್ಲಿ ನಿಂತವರು ಬೇಜಾರು ಮಾಡಿಕೊಳ್ಳಬೇಡಿ ದಯವಿಟ್ಟು.

ವಾರ್ಡಿನಲ್ಲಿ ಬಂಧುಗಳು ಪ್ರೀತಿಯಿಂದ ತರುವ ಎಳನೀರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕಾಯಿಲೆ ಅಂದರೆ ನಮಗೆ ಎಳನೀರು, ಮೊಸಂಬಿ ಜ್ಯೂಸ್, ಬಾಳೆಹಣ್ಣು. ಇವೆಲ್ಲ ಪೊಟ್ಯಾಸಿಯಂ ತುಂಬಿದ ಪದಾರ್ಥಗಳು. ಕಿಡ್ನಿ ಸರಿ ಇದ್ದಾಗ ಒಳ್ಳೆಯವೇ. ಮೂತ್ರ ಕಡಿಮೆಯಾಗಿ ಪೊಟ್ಯಾಸಿಯಂ ಏರುತ್ತಿರುವವರಿಗೆ ಒಂದು ಎಳನೀರು ಕೂಡ ಭಾರ. "ಕಿಡ್ನಿ ಸೋಲ್ತದ, ನೀರು ಜಾಸ್ತಿ ಕುಡಸ್ರಿ" ಅನ್ನುವ ಮಾತೂ ಎಲ್ಲರಿಗೂ ಸಲ್ಲುವುದಿಲ್ಲ. ಮೂತ್ರ ಬರುತ್ತಿದ್ದರೆ ನೀರು ಔಷಧ. ಮೂತ್ರ ನಿಂತಿದ್ದರೆ ಅದೇ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಎಷ್ಟು ಕುಡಿಸಬೇಕು ಅಂತ ದಿನಾ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳಿ. ನಿನ್ನೆಯ ಉತ್ತರ ಇವತ್ತಿಗೆ ಆಗುವುದಿಲ್ಲ. ಊರಿನಿಂದ ಬಂದ ನಾಟಿ ಔಷಧ, ಭಸ್ಮ ಇವನ್ನು ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಬೈಯುತ್ತಾರೆ ಅಂತ ಮುಚ್ಚಿಡುವುದು ಇನ್ನೂ ಕೆಟ್ಟದ್ದು.

ಆದರೆ ಅಡ್ಮಿಟ್ ಆದವರಲ್ಲಿ ನಾನು ಜಾಸ್ತಿ ಕಂಡಿರುವುದು ಸೋಂಕಿನ ದಾರಿ. ಕೀಮೋ ನಂತರ ಬಿಳಿ ಕಣ ನೆಲಕಚ್ಚುತ್ತವೆ. ಜ್ವರ ಬರುತ್ತದೆ, ಬಿಪಿ ಬೀಳುತ್ತದೆ, ಕಿಡ್ನಿಗೆ ರಕ್ತ ಸಾಲದೆ ಹೋಗುತ್ತದೆ. ಸೋಂಕಿಗೆ ಕೊಡಲೇಬೇಕಾದ ಅಮಿಕಾಸಿನ್, ವ್ಯಾಂಕೋಮೈಸಿನ್, ಕೊಲಿಸ್ಟಿನ್, ಫಂಗಸ್‌ಗೆ ಕೊಡುವ ಆಂಫೋಟೆರಿಸಿನ್, ಇವೆಲ್ಲ ಕಿಡ್ನಿಗೆ ಕಷ್ಟ ಕೊಡುವ ಔಷಧಗಳೇ. ಜೀವ ಉಳಿಯಲು ಅವು ಬೇಕು. ಕಿಡ್ನಿಯೂ ಉಳಿಯಬೇಕು. ಈ ಎರಡರ ನಡುವೆ ಡಾಕ್ಟರು ದಿನಾ ತೂಗುತ್ತಾರೆ, ಆ ತೂಕಕ್ಕೆ ಬೇಕಾದ ಅಂಕಿಯನ್ನು ಲ್ಯಾಬ್ ಕೊಡುತ್ತದೆ. ಸ್ಕ್ಯಾನಿಗೆ ಹಾಕುವ ಡೈ ಕೂಡ ಈ ಲೆಕ್ಕದಲ್ಲಿ ಬರುತ್ತದೆ, ಅದಕ್ಕೇ ಸಿಟಿ ಸ್ಕ್ಯಾನ್ ಮುಂಚೆ ಕ್ರಿಯಾಟಿನಿನ್ ಕೇಳುವುದು. ಮೆಥೋಟ್ರೆಕ್ಸೇಟ್ ಎಂಬ ಕೀಮೋ ಔಷಧವನ್ನು ಹೆಚ್ಚಿನ ಡೋಸಿನಲ್ಲಿ ಕೊಟ್ಟರೆ ಮೂತ್ರ ಹುಳಿ ಇದ್ದಷ್ಟೂ ಅದು ಹರಳಾಗುತ್ತದೆ. ಸೋಡಾ ಬೈಕಾರ್ಬ್ ಕೊಟ್ಟು ಮೂತ್ರದ ಪಿಎಚ್ 7ಕ್ಕಿಂತ ಮೇಲೆ ಇಡುತ್ತಾರೆ, ಲ್ಯುಕೊವೊರಿನ್ ಕೊಟ್ಟು ಮೈಯನ್ನು ಕಾಯುತ್ತಾರೆ. ಆ ದಿನಗಳಲ್ಲಿ ಮೈಕೈ ನೋವು ಅಂತ ಹೊರಗಿನ ಅಂಗಡಿಯಿಂದ ಒಂದು ನೋವಿನ ಗುಳಿಗೆ ತಂದು ನುಂಗಿಸಿದರೂ ಆ ಔಷಧ ಮೈಯಿಂದ ಹೋಗದೆ ಉಳಿಯಬಹುದು.

ಇಷ್ಟೆಲ್ಲ ಕಾರಣ ಓದಿ ತಲೆ ಕೆಡಿಸಿಕೊಳ್ಳಬೇಡಿ. ಮನೆಯವರು ಇವನ್ನೆಲ್ಲ ನೆನಪಿಡಬೇಕಿಲ್ಲ. ಅವರ ಕೈಯಲ್ಲಿ ಇರುವುದು ಮೂತ್ರದ ಲೆಕ್ಕ. ಅದು ಕ್ರಿಯಾಟಿನಿನ್‌ಗಿಂತ ಮೊದಲೇ ಮಾತಾಡುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದ ಮೇಲೆ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಬೇಕಾಗಬಹುದು, ಮೂತ್ರ ಮಾತ್ರ ಬಹಳ ಸಲ ಅವತ್ತೇ ಕಡಿಮೆಯಾಗುತ್ತದೆ. 60 ಕೆಜಿ ಮನುಷ್ಯ ಅಂದರೆ ಗಂಟೆಗೆ 30 ಎಂಎಲ್, ಆರು ಗಂಟೆಗೆ 180 ಎಂಎಲ್. ಅದಕ್ಕಿಂತ ಕಡಿಮೆ ಬಂದರೆ ಸಿಸ್ಟರಿಗೆ ಹೇಳಲೇಬೇಕು.

ಮೂತ್ರ ಅಳೆಯುವುದು ಅಂದರೆ ನಮ್ಮವರಿಗೆ ನಾಚಿಕೆ. ಅತ್ತೆಯ ಮೂತ್ರ ಸೊಸೆ ಅಳೆಯುವುದಾ, ಅಪ್ಪನದ್ದು ಮಗಳು ಅಳೆಯುವುದಾ ಅನ್ನುತ್ತಾರೆ. ಪೇಶಂಟ್ ಎದ್ದು ಓಡಾಡುವ ಹಾಗಿದ್ದರಂತೂ ಬಾತ್‌ರೂಮಿಗೆ ಹೋಗಿ ಬಂದು "ಆಯ್ತು" ಅಂತಾರೆ, ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಚಾರ್ಟಿನಲ್ಲಿ ಅಂದಾಜಿನ ಅಂಕಿ ಬೀಳುತ್ತದೆ. ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ಗಂಡನ ಜೊತೆ ಇದ್ದಳು. ಎಂಟನೇ ಕ್ಲಾಸ್ ಓದಿದ್ದಳಂತೆ. ಅಳತೆ ಗೆರೆ ಇರುವ ಪ್ಲಾಸ್ಟಿಕ್ ಜಗ್ ಕೊಂಡು ತಂದು, ಮಗನ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಹೊಡೆದಿದ್ದಳು. ಒಂದು ಕಡೆ ಕುಡಿದದ್ದು, ಒಂದು ಕಡೆ ಹೋದದ್ದು, ಮೂರನೆಯ ಸಾಲಿನಲ್ಲಿ ಬೆಳಗಿನ ತೂಕ. ಚಹಾ ಅರ್ಧ ಕಪ್ಪು, ಗಂಜಿ ಒಂದು ಬಟ್ಟಲು, ಅದನ್ನೂ ಬಿಡದೆ ಬರೆದಿದ್ದಳು. ಮೂತ್ರದ ಬಣ್ಣ ಬದಲಾದ ದಿನ ಪಕ್ಕದಲ್ಲಿ "ಚಹಾದ ಬಣ್ಣ" ಅಂತ ಬರೆದಿದ್ದಳು. ರೌಂಡ್ಸ್‌ಗೆ ಬಂದ ಡಾಕ್ಟರು ಚಾರ್ಟ್ ಬದಿಗಿಟ್ಟು ಆ ನೋಟ್‌ಬುಕ್ ತೆಗೆದುಕೊಂಡು ನೋಡುತ್ತಿದ್ದರು. ಯಾರಿಗಾದರೂ ಇದನ್ನು ಕಲಿಸಬೇಕೆಂದರೆ ನಾನು ಆಕೆಯ ಹಾಳೆಯನ್ನೇ ನೆನಪಿಸಿಕೊಂಡು ಗೆರೆ ಹಾಕಿ ತೋರಿಸುತ್ತೇನೆ.

ತೂಕವನ್ನು ಯಾಕೆ ಬರೆಯಬೇಕು ಅಂದರೆ, ಒಂದೇ ದಿನದಲ್ಲಿ ಒಂದು ಕೆಜಿ ಏರಿದರೆ ಅದು ಮಾಂಸ ಅಲ್ಲ, ನೀರು. ಕಾಲು ಬಾತುಕೊಳ್ಳುವ ಮುಂಚೆಯೇ ತೂಕದ ಯಂತ್ರ ಹೇಳಿಬಿಡುತ್ತದೆ.

ಕೊನೆಗೆ ಡಯಾಲಿಸಿಸ್. ಈ ಶಬ್ದ ಕಿವಿಗೆ ಬಿದ್ದರೆ ನಮ್ಮ ಕಡೆ ಜನ ಡಿಸ್ಚಾರ್ಜ್ ಕೇಳುತ್ತಾರೆ. "ಒಮ್ಮೆ ಮಿಷನ್ ಹಚ್ಚಿದ್ರ ಮುಗೀತು, ಸಾಯೋತನಕ ಬಿಡಂಗಿಲ್ಲ" ಅನ್ನುವ ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. ವರ್ಷಗಟ್ಟಲೆ ಶುಗರ್, ಬಿಪಿಯಿಂದ ಕಿಡ್ನಿ ಒಣಗಿ ಹೋದವರ ವಿಷಯದಲ್ಲಿ ಅದು ಬಹುಪಾಲು ನಿಜ. ದಿಢೀರ್ ಪೆಟ್ಟು ಬಿದ್ದ ಕಿಡ್ನಿಯ ವಿಷಯ ಬೇರೆ. ಟ್ಯೂಮರ್ ಲೈಸಿಸ್ ಆದವರಿಗೆ ಕೆಲವೇ ಸಲ ಡಯಾಲಿಸಿಸ್ ಮಾಡಿ, ಪೊಟ್ಯಾಸಿಯಂ ಇಳಿಸಿ, ಕಿಡ್ನಿ ಎದ್ದು ನಿಲ್ಲುವವರೆಗೆ ಆಸರೆ ಕೊಡುತ್ತಾರೆ. ಆಮೇಲೆ ಡಯಾಲಿಸಿಸ್‌ಗೆ ಅಂತ ಕತ್ತಿನ ರಕ್ತನಾಳಕ್ಕೆ ಹಾಕಿದ್ದ ಪೈಪ್ ತೆಗೆದು ಕಳಿಸುತ್ತಾರೆ. ಎಲ್ಲರಿಗೂ ಹಾಗಾಗುತ್ತದೆ ಅಂತ ನಾನು ಹೇಳಲಾರೆ. ಕೆಲವರಿಗೆ ಕಿಡ್ನಿ ಮರಳುವುದಿಲ್ಲ, ಕೆಲವರು ಸೋಂಕಿನಲ್ಲೇ ಹೋಗಿಬಿಡುತ್ತಾರೆ. ಆದರೆ ಹೆದರಿ ಮನೆಗೆ ಕರೆದೊಯ್ದರೆ ಇರುವ ಅವಕಾಶವೂ ಹೋಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಕೇಳಿ: ಇದು ತಾತ್ಕಾಲಿಕವಾ, ಯಾವಾಗ ನಿಲ್ಲಿಸಬಹುದು ಅಂತ ಹೇಗೆ ಗೊತ್ತಾಗುತ್ತದೆ, ಪ್ಲೇಟ್‌ಲೆಟ್ ಎಷ್ಟಿದೆ? ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಕತ್ತಿಗೆ ಪೈಪ್ ಹಾಕಿದರೆ ರಕ್ತ ಸೋರಬಹುದು, ಅದಕ್ಕೆ ಮೊದಲು ಪ್ಲೇಟ್‌ಲೆಟ್ ಏರಿಸಬೇಕಾಗಬಹುದು. ದಾನಿಗಳನ್ನು ಆಗಲೇ ಹುಡುಕಿಟ್ಟುಕೊಂಡರೆ ರಾತ್ರಿ ಹೊತ್ತು ಓಡಾಡುವುದು ತಪ್ಪುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಬಿಪಿಎಲ್ ಕಾರ್ಡ್ ಇರುವವರಿಗೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಕ್ಯಾನ್ಸರ್ ಹೆಸರಿನಲ್ಲಿ ಅಪ್ರೂವಲ್ ಆಗಿರುವಾಗ ಕಿಡ್ನಿ ತೊಂದರೆ ಸೇರಿಕೊಂಡರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಅವತ್ತೇ ಹೋಗಿ ಕಾಣಿ. ಬಿಲ್ ಆದ ಮೇಲೆ ಹೋದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಡಿಸ್ಚಾರ್ಜ್ ಆಗುವ ದಿನ ಎಲ್ಲರಿಗೂ ಊರು ಸೇರುವ ಅವಸರ. ಆದರೂ ಒಂದು ಕ್ಷಣ ನಿಂತು ಎರಡು ವಿಷಯ ಬರೆಸಿಕೊಳ್ಳಿ. ಇವತ್ತಿನ ಕ್ರಿಯಾಟಿನಿನ್ ಎಷ್ಟು, ಮತ್ತೆ ಯಾವತ್ತು ನೋಡಿಸಬೇಕು. ಮುಂದಿನ ಕೀಮೋದ ಡೋಸ್ ಆ ಅಂಕಿಯ ಮೇಲೆ ನಿಲ್ಲುತ್ತದೆ. ಪರೀಕ್ಷೆಗೆ ಅಂತ ಕಲಬುರಗಿವರೆಗೆ ಬಸ್ ಹತ್ತಬೇಕಿಲ್ಲ. ಆಳಂದದಲ್ಲಿ, ಸೇಡಂನಲ್ಲಿ, ಸುರಪುರದಲ್ಲಿ, ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ರಿಪೋರ್ಟಿನ ಫೋಟೊ ತೆಗೆದು ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಕಳಿಸಿ, ಜೊತೆಗೆ ಹಿಂದಿನ ಅಂಕಿಯನ್ನೂ ಬರೆಯಿರಿ.